ಹತ್ತು ಗಂಟೆಯ ರಿಂಗು

ಅವರ ಅಂಗಿಗಳೆಲ್ಲ ತೂತಾಗಿದ್ದವು. ಹೊಸ ಅಂಗಿ ಹಾಕಿಕೊಂಡು ಬಂದ ಎಂಟೇ ದಿನಕ್ಕೆ ಹೊಟ್ಟೆಯ ಹತ್ತಿರ, ತೋಳಿನ ಹತ್ತಿರ ಜೋಳದ ಕಾಳಿನಷ್ಟು ತೂತುಗಳು ಕಾಣಿಸಿಕೊಳ್ಳುತ್ತಿದ್ದವು. ಬ್ಯಾಟರಿಯ ಆಸಿಡ್ ಸಿಡಿದು ಆಗುವ ತೂತುಗಳು. ಹೆಂಡತಿ ಮೊದಮೊದಲು ತೇಪೆ ಹಚ್ಚುತ್ತಿದ್ದರಂತೆ, ಆಮೇಲೆ ಸಾಕಾಗಿ ಬಿಟ್ಟರಂತೆ. ನಾವು ಆಪರೇಟರ್ ಹುಡುಗಿಯರು ನಗಾಡಿದರೆ ಅವರೂ ನಗುತ್ತಿದ್ದರು.

"ತೇಪಿ ಹಚ್ಚಿದ್ರ ತೇಪೀನೂ ತೂತು ಬೀಳ್ತೈತಿ ತಂಗೀ. ಇರ್ಲಿ ಬಿಡು, ಬ್ಯಾಸಗ್ಯಾಗ ಗಾಳಿ ಆಡಾಕ ಬೇಷ್ ಆಕ್ಕೈತಿ."

ಹೋದ ತಿಂಗಳು ಅವರು ತೀರಿಕೊಂಡರು. ಹದಿನೈದು ವರ್ಷ ಟೆಲಿಫೋನಿನ ಮುಂದೆ ಕೂತವಳಿಗೆ ಆ ಸುದ್ದಿ ಬಂದದ್ದು ಪೋಸ್ಟ್ ಕಾರ್ಡಿನಲ್ಲಿ, ಅದೂ ಹನ್ನೆರಡು ದಿನ ತಡವಾಗಿ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕರೆಯುವ ಸಲಿಗೆ ನನಗೆ ಇರಲಿಲ್ಲ. 'ಅಣ್ಣಾರ' ಎಂದು ಕರೆಯುವ ಸಲಿಗೆ ಇತ್ತು, ಅದನ್ನು ನಾನೇ ಕೈಯಾರೆ ಕಳೆದುಕೊಂಡೆ. ಅದು ಹೇಗೆ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಾಯಿ ಬಿಟ್ಟು ಹೇಳಬೇಕಾದಲ್ಲಿ ಹೇಳಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಮೊದಲಲ್ಲಿ, ಸಿಂಧನೂರು ಸೀಮೆಯ ಒಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಯಾವ ಊರಿನದು ಎಂದು ಕೇಳಬೇಡಿ, ಅಲ್ಲಿ ಈಗಲೂ ನನ್ನಂಥವರು ಕೆಲಸ ಮಾಡಿಕೊಂಡಿದ್ದಾರೆ, ಅವರ ಮೇಲೇಕೆ ಗೂಬೆ ಕೂರಿಸಲಿ. ಮುಂದಿನ ಕೋಣೆಯಲ್ಲಿ ಬೋರ್ಡು, ಬೋರ್ಡಿನ ಮುಂದೆ ನಾವು. ಹಿಂದಿನ ಕೋಣೆಯಲ್ಲಿ ಬ್ಯಾಟರಿಗಳು, ಬ್ಯಾಟರಿಗಳ ನಡುವೆ ಅವರು. ಕರೆಂಟ್ ಹೋದರೂ ಫೋನು ನಡೆಯುತ್ತಿದ್ದದ್ದು ಆ ಹಿಂದಿನ ಕೋಣೆಯಿಂದ. ಇದು ಊರಿನ ಮುಕ್ಕಾಲು ಮಂದಿಗೆ ಗೊತ್ತೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳು ನನಗೂ ಗೊತ್ತಿರಲಿಲ್ಲ.

ಇಪ್ಪತ್ತನಾಲ್ಕು ಸೆಲ್‌ಗಳು ಎರಡು ಸಾಲಿನಲ್ಲಿ ಮರದ ಮಣೆಗಳ ಮೇಲೆ ಕೂತಿದ್ದವು. ಬೆಳಿಗ್ಗೆ ಬಂದವರೇ ಬಾಗಿಲಲ್ಲಿ ನಿಂತು ಒಮ್ಮೆ ಮೂಗಿನಿಂದ ಗಾಳಿ ಎಳೆದುಕೊಳ್ಳುತ್ತಿದ್ದರು. ಹುಳಿ ವಾಸನೆ ಎಂದಿಗಿಂತ ಹೆಚ್ಚಿದ್ದರೆ ಮುಖ ಗಂಟಾಗುತ್ತಿತ್ತು. ಆಮೇಲೆ ಒಂದೊಂದೇ ಸೆಲ್ಲಿಗೆ ಅಂಗೈಯ ಹಿಂಬದಿ ತಾಗಿಸುತ್ತ ಹೋಗುವುದು, ಮಕ್ಕಳಿಗೆ ಜ್ವರ ಇದೆಯೇ ಎಂದು ನೋಡುತ್ತೇವಲ್ಲ, ಹಾಗೆ. ಕೊನೆಗೆ ರಬ್ಬರ್ ಬುರುಡೆಯ ಗಾಜಿನ ಕೊಳವೆಯಿಂದ ಆಸಿಡ್ ಮೇಲಕ್ಕೆಳೆದು ಅದರ ಗಟ್ಟಿತನ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ನಿಯಮದ ಪ್ರಕಾರ ದಿನಾ ಒಂದು ಸೆಲ್ ಅಳೆದರೆ ಸಾಕಿತ್ತು. ಒಂದನ್ನು ಗುರುತು ಮಾಡಿ ಇಟ್ಟಿರುತ್ತಾರೆ, ಅದು ಚೆನ್ನಾಗಿದ್ದರೆ ಎಲ್ಲವೂ ಚೆನ್ನಾಗಿವೆ ಎಂದು ಲೆಕ್ಕ. ಅವರು ಇಪ್ಪತ್ತನಾಲ್ಕನ್ನೂ ಅಳೆಯುತ್ತಿದ್ದರು.

"ಒಂದು ಅಳದ್ರ ಸಾಕಂತಲ್ರಿ ಅಣ್ಣಾರ?" ಎಂದು ಕೇಳಿದೆ ಒಂದು ದಿನ.

"ಇಪ್ಪತ್ನಾಕು ಮಂದಿ ಇರೋ ಮನ್ಯಾಗ ಹಿರಿಯನ್ನ ಒಬ್ಬನ್ನ ಮಾತಾಡಿಸಿ ಎದ್ದು ಬಂದ್ರ ಆತೇನು ತಂಗಿ? ಒಳಗ ಹಾಸಿಗಿ ಹಿಡದಾಕಿ ಖಬರ್ ಯಾರು ಕೇಳಬೇಕು?"

ಮನುಷ್ಯರನ್ನೂ ಅವರು ಹೀಗೇ ವಿಚಾರಿಸುತ್ತಿದ್ದರು. ಬರೀ 'ಆರಾಮೇನು' ಎಂದು ಕೇಳಿ 'ಹೂಂ' ಅನ್ನಿಸಿಕೊಂಡು ಹೋಗುವ ಜಾತಿ ಅಲ್ಲ. ಒಮ್ಮೆ ನನಗೆ ಮೈ ಬಿಸಿಯಾಗಿತ್ತು. ಯಾರಿಗೂ ಹೇಳದೆ ಬೋರ್ಡಿನ ಮುಂದೆ ಕೂತಿದ್ದೆ. ಅವರು ಹಿಂದಿನ ಕೋಣೆಯಿಂದಲೇ ನಾನು 'ಹಲೋ' ಅನ್ನುವುದನ್ನು ಕೇಳಿಸಿಕೊಂಡು ಎದ್ದು ಬಂದರು. "ತಂಗೀ, ನಿನ್ನ ತಬೇತ್ ಬರೋಬರ್ ಇಲ್ಲ, ಮನೀಗಿ ನಡಿ" ಎಂದರು. ಇಲ್ಲ ಎಂದೆ. "ದನಿ ಹೇಳಾಕತ್ತೈತಿ, ನೀ ಸುಳ್ಳು ಹೇಳಾಕತ್ತಿ" ಎಂದು ಮೇಲ್ವಿಚಾರಕರಿಗೆ ಹೇಳಿ ನನ್ನನ್ನು ಕಳಿಸಿಬಿಟ್ಟರು. ಎರಡು ದಿನ ಬಿಟ್ಟು ಟೈಫಾಯ್ಡ್ ಎಂದು ಗೊತ್ತಾಯಿತು. ಮಸ್ಕಿಯಿಂದ ನನ್ನ ಅಪ್ಪ ಬಂದು ಕರೆದುಕೊಂಡು ಹೋದರು.

ಒಂದು ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಒಬ್ಬ ಮುದುಕ ಕಲ್ಕತ್ತೆಗೆ ಟ್ರಂಕ್ ಕಾಲ್ ಬುಕ್ ಮಾಡಿ ಎರಡು ದಿನದಿಂದ ನಮ್ಮ ಬೆಂಚಿನ ಮೇಲೆ ಕಾಯುತ್ತಿದ್ದ. ಅಲ್ಲಿ ಅವನ ತಮ್ಮ ಆಸ್ಪತ್ರೆಯಲ್ಲಿದ್ದ. ಮೂರನೆಯ ದಿನ ಲೈನು ಸಿಕ್ಕಿತು. ಮುದುಕ ತಮ್ಮನೊಂದಿಗೇ ಮಾತಾಡಿದ. ಏನು ಮಾತಾಡಿದನೋ ನಮಗೆ ತಿಳಿಯಲಿಲ್ಲ, ಆದರೆ ಅಳುತ್ತ ನಗುತ್ತಿದ್ದ. ಹೊರಗೆ ಬಂದು ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಅವರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಮೂರು ದಿನದಿಂದ ಬ್ಯಾಟರಿ ತುಂಬುವ ಇಂಜಿನ್ನಿಗೆ ಡೀಸೆಲ್ ಹಾಕಿ, ಚಾರ್ಜು ಬೀಳದಂತೆ ಎತ್ತಿ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡಿದ್ದವರು ಅವರು. ಮುದುಕ ಅವರ ಮುಂದೆಯೇ ದಾಟಿ ಹೋದ.

"ನಿಮಗೂ ಕೈ ಮುಗೀಬೇಕಾಗಿತ್ತು ನೋಡ್ರಿ ಅಂವ," ಎಂದೆ.

"ಯಾಕ? ಏನಾಗೇತಿ ಇಲ್ಲಿ? ಏನೂ ಆಗಿಲ್ಲ. ಏನೂ ಆಗಲಿಲ್ಲಂದ್ರ ಯಾರು ಕೈ ಮುಗೀತಾರ? ಏನರ ಆದ್ರ ನೋಡು, ಆವಾಗ ಹುಡಿಕ್ಕೊಂಡು ಬರ್ತಾರ."

ಹುಡುಕಿಕೊಂಡು ಬಂದರು, ಅದಕ್ಕೆ ಆಮೇಲೆ ಬರುತ್ತೇನೆ.

ಅವರ ಊರು ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆಯಿಂದ ಒಳಗೆ ಮೂರು ಮೈಲಿ. ಎಂಬತ್ತರ ದಶಕದ ಕೊನೆಗೆ ಅಲ್ಲೊಂದು ಸಣ್ಣ ಎಕ್ಸ್‌ಚೇಂಜ್ ಬಂತು. ಸುತ್ತಲಿನ ಹಳ್ಳಿಗಳಿಗೂ ಅದೇ. ಬೀರುವಿನಷ್ಟು ದೊಡ್ಡ ಯಂತ್ರ, ಇಪ್ಪತ್ತನಾಲ್ಕು ಸೆಲ್, ಒಂದು ಡೀಸೆಲ್ ಇಂಜಿನ್. ಊರಿನವರೇ ಎಂದು ಅವರನ್ನೇ ಅಲ್ಲಿಗೆ ಹಾಕಿದರು. ಆ ಮೂರು ವರ್ಷ ಅವರು ಸುಖವಾಗಿದ್ದರು. ಒಬ್ಬಳೇ ಮಗಳು, ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ಅಪ್ಪನ ಜೊತೆ ಬಂದು ಸೆಲ್‌ಗಳಿಗೆ ಭಟ್ಟಿ ಇಳಿಸಿದ ನೀರು ಹಾಕುತ್ತಿದ್ದಳು, ಅಳತೆ ಬರೆದುಕೊಳ್ಳುತ್ತಿದ್ದಳು. ಇಂಜಿನ್ನಿನ ಹಿಡಿಕೆ ತಿರುವಿ ಚಾಲೂ ಮಾಡುವುದನ್ನೂ ಕಲಿತಿದ್ದಳು. ಅದು ಸುಲಭದ ಕೆಲಸವಲ್ಲ, ಹಿಡಿಕೆ ತಿರುಗಿ ಹೊಡೆದರೆ ಮಣಿಕಟ್ಟು ಮುರಿಯುತ್ತದೆ. "ಊರಾಗ ಆ ಇಂಜಿನ್ನಿನ ಗುಣ ಗೊತ್ತಿರೋರು ಇಬ್ಬರಾ. ಒಂದು ನಾ, ಇನ್ನೊಂದು ನನ್ನ ಮಗಳು" ಎಂದು ಫೋನಿನಲ್ಲಿ ನನ್ನ ಹತ್ತಿರ ಹೆಮ್ಮೆಪಡುತ್ತಿದ್ದರು. ಅವಳ ಮದುವೆಯಾದ ವರ್ಷವೇ ಹೊಸ ವ್ಯವಸ್ಥೆ ಬಂತು.

ಹೊಸ ವ್ಯವಸ್ಥೆ ಎಂದರೆ ನಮ್ಮ ಬೋರ್ಡಿನ ಪಕ್ಕದ ಗೋಡೆಗೆ ಹೊಡೆದ ಒಂದು ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ಆರು ಹಳ್ಳಿಗಳ ಎಕ್ಸ್‌ಚೇಂಜಿಗೆ ಆರು ಕೆಂಪು ದೀಪ, ಎಲ್ಲಕ್ಕೂ ಸೇರಿ ಒಂದು ಬಜರ್. ಹಳ್ಳಿಯಲ್ಲಿ ಕರೆಂಟ್ ಹೋಗಿ ಬ್ಯಾಟರಿ ಇಳಿಯತೊಡಗಿದರೆ ಇಲ್ಲಿ ಆ ಹಳ್ಳಿಯ ದೀಪ ಹತ್ತಿ ಬಜರ್ ಕೂಗುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಕೂಗು ನಿಲ್ಲುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ನಾವು ಪುಸ್ತಕದಲ್ಲಿ ವೇಳೆ ಬರೆದು ಅವರಿಗೆ ಹೇಳಬೇಕು. ಅವರು ಹೋಗಿ ಇಂಜಿನ್ ಚಾಲೂ ಮಾಡಬೇಕು. ಹಳ್ಳಿಗಳಲ್ಲಿ ಇನ್ನು ಯಾರೂ ಕೂರಬೇಕಾಗಿಲ್ಲ, ಬೀಗ ಹಾಕಿಕೊಂಡು ಬರಬಹುದು. ಅವರನ್ನು ವಾಪಸ್ಸು ನಮ್ಮಲ್ಲಿಗೆ ಕರೆಸಿಕೊಂಡರು. ಹಳ್ಳಿಯ ಎಕ್ಸ್‌ಚೇಂಜಿನ ಒಂದು ಬೀಗದ ಕೈಯನ್ನು ಪಕ್ಕದ ಕಿರಾಣಿ ಅಂಗಡಿಯಲ್ಲಿ ಇಟ್ಟು ಬಂದರು. ಊರಿನ ಸಾರ್ವಜನಿಕ ಫೋನು ಇದ್ದದ್ದೂ ಆ ಅಂಗಡಿಯಲ್ಲೇ.

ಪೆಟ್ಟಿಗೆ ಕೂರಿಸಿದ ದಿನ ಸಣ್ಣ ವಯಸ್ಸಿನ ಇಂಜಿನಿಯರ್ ಸಾಹೇಬರು ಎಲ್ಲರಿಗೂ ಪೇಢೆ ಹಂಚಿದರು. ಹಿಂದಿನ ಕೋಣೆಯ ಅವರು ಮಾತ್ರ ಪೇಢೆಯನ್ನು ಕೈಯಲ್ಲೇ ಹಿಡಿದು ಪೆಟ್ಟಿಗೆಯನ್ನು ನೋಡುತ್ತ ನಿಂತಿದ್ದರು.

"ಸಾಹೇಬ್ರ, ಈ ದೀಪಕ್ಕ ಶಕ್ತಿ ಎಲ್ಲಿಂದ ಬರ್ತೈತ್ರಿ?"

"ಅಲ್ಲಿಂದಾನೇ, ಹಳ್ಳಿಯ ಬ್ಯಾಟರಿಯಿಂದ. ತಂತಿಯಲ್ಲಿ ಬರುತ್ತೆ."

"ಅದು ಪೂರಾ ಸತ್ತ ಮ್ಯಾಲ?"

"ಅಷ್ಟರೊಳಗೆ ನೀವು ಹೋಗಿರ್ತೀರಲ್ಲ."

"ಹೋಗಾಕ ಆಗಲಿಲ್ಲ ಅಂತ ಇಟ್ಕೊಳ್ರಿ. ದೀಪ ಆರ್ತೈತಿ. ಆರಾಮ ಇದ್ರೂ ದೀಪ ಇಲ್ಲ, ಸತ್ರೂ ದೀಪ ಇಲ್ಲ. ಇಲ್ಲಿ ಕುಂತಾಕಿಗೆ ಯಾವುದು ಅಂತ ಹ್ಯಾಂಗ ಗೊತ್ತಾಗಬೇಕ್ರಿ? ಇದನ್ನ ತಿರುವಿ ಹಾಕ್ರಿ. ಅಲ್ಲಿ ಆರಾಮ ಇರೋತನ ದೀಪ ಉರೀಲಿ. ಆರಿದ ಕೂಡ್ಲೇ ನಾ ಓಡಿ ಹೋಗ್ತೀನಿ."

ನಕ್ಷೆ ಮೇಲಿನಿಂದ ಬಂದಿದೆ, ನಾವು ಕೈ ಹಾಕುವಂತಿಲ್ಲ ಎಂದರು ಸಾಹೇಬರು. ಸಾಹೇಬರು ಕೆಟ್ಟವರೇನಲ್ಲ. ಈ ಮಾತುಕತೆಯನ್ನು ನಾನು ಬೋರ್ಡಿನ ಮುಂದೆ ಕೂತು ಕಿವಿಯಾರೆ ಕೇಳಿದ್ದೆ. ನನಗೆ ಗೊತ್ತಿರಲಿಲ್ಲ ಎಂದು ನಾನು ದೇವರ ಮುಂದೆಯೂ ಹೇಳುವ ಹಾಗಿಲ್ಲ.

ಪೆಟ್ಟಿಗೆಯನ್ನು ತಿರುವಿ ಹಾಕಲಾಗದಿದ್ದಾಗ ಅವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡರು. ದಿನಾ ಬೆಳಿಗ್ಗೆ ಹತ್ತಕ್ಕೆ ಆರೂ ಹಳ್ಳಿಗಳಿಗೆ ಒಂದೊಂದು ರಿಂಗು. ಅಲ್ಲಿ ಅಂಗಡಿಯವರೋ ಮೇಷ್ಟ್ರೋ ಎತ್ತಿ "ಆರಾಮ್ರೀ" ಅನ್ನಬೇಕು, ಇವರು ಇಟ್ಟುಬಿಡಬೇಕು. ಯಾರೂ ಎತ್ತದಿದ್ದರೆ, ರಿಂಗೇ ಹೋಗದಿದ್ದರೆ, ಇವರು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಹೀಗೆ ಎರಡು ಸಲ ಸತ್ತ ಬ್ಯಾಟರಿಗಳನ್ನು ಹಿಡಿದರು. ಎರಡೂ ಸಲ ಪೆಟ್ಟಿಗೆ ತೆಪ್ಪಗಿತ್ತು. ಆದರೆ ತಪಾಸಣೆಗೆ ಬಂದ ಒಬ್ಬ ಅಧಿಕಾರಿ, ಇಲಾಖೆಯ ಲೈನಿನಲ್ಲಿ ಸ್ವಂತ ಊರಿಗೆ ದಿನಾ ಕರೆ ಮಾಡುತ್ತೀರಿ ಎಂದು ಅವರಿಗೆ ಮೆಮೊ ಕೊಟ್ಟುಬಿಟ್ಟ. ಪೆಟ್ಟಿಗೆ ಇರುವಾಗ ರಿಂಗು ಯಾಕೆ ಎಂಬುದು ಅವನ ವಾದ. ಮೆಮೊವನ್ನು ನಾಲ್ಕಾಗಿ ಮಡಿಚಿ ತೂತಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಅವರು ಹಿಂದಿನ ಕೋಣೆಗೆ ಹೋಗಿ ಸೆಲ್‌ಗಳನ್ನು ಇನ್ನೊಮ್ಮೆ ಅಳೆಯತೊಡಗಿದರು.

ನಾನೇ ಹೋಗಿ ಹೇಳಿದೆ. "ನಾ ಮಾಡ್ತೀನ್ರಿ ಅಣ್ಣಾರ. ಲೈನ್ ಟೆಸ್ಟ್ ಅಂತ ಬರಕೊಂತೀನಿ. ಆಪರೇಟರ್ ಟೆಸ್ಟ್ ಮಾಡಿದ್ರ ಯಾರೇನು ಕೇಳ್ತಾರ?"

"ಬ್ಯಾಡ ತಂಗಿ, ನಿನಗ ಮೆಮೊ ಬರ್ತೈತಿ."

"ಬರ್ಲಿ ಬಿಡ್ರಿ."

ಅವರು ನನ್ನ ತಲೆಯ ಮೇಲೆ ಕೈ ಇಡಲು ಬಂದವರು, ಕೈಗೆ ಆಸಿಡ್ ಇದೆ ಎಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಏಳು ತಿಂಗಳು ನಾನು ಒಂದು ದಿನವೂ ತಪ್ಪದೆ ಆ ರಿಂಗು ಮಾಡಿದೆ. ಅವರ ಊರಿನ ಅಂಗಡಿಯವರು 'ಆರಾಮ್ರೀ' ಎಂದ ಮೇಲೆ ಮನೆಯ ಸುದ್ದಿಯನ್ನೂ ಸೇರಿಸುತ್ತಿದ್ದರು. ಎಮ್ಮೆ ಈದಿತು, ಬಾವಿಗೆ ನೀರು ಬಂತು, ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಾನು ಅದನ್ನು ಹಿಂದಿನ ಕೋಣೆಗೆ ಮುಟ್ಟಿಸುತ್ತಿದ್ದೆ.

ಆ ದಿನ ಶುಕ್ರವಾರ. ಬೇಸಿಗೆಯ ಕೊನೆ. ಹಿಂದಿನ ಸಂಜೆ ದೊಡ್ಡ ಗಾಳಿ ಬೀಸಿ ಮಸ್ಕಿಯ ಆಚೆ ಕಂಬಗಳು ಉರುಳಿದ್ದವು. ಬೆಳಿಗ್ಗೆ ಏಳೂವರೆಗೆ ಅವರನ್ನು ಜೀಪಿನಲ್ಲಿ ದಢೇಸುಗೂರಿಗೆ ಕಳಿಸಿದರು, ಕಾಲುವೆಯ ಪಕ್ಕ ಕೇಬಲ್ ಹರಿದಿತ್ತು. ಹೊರಡುವ ಮುಂಚೆ ನನ್ನ ಹತ್ತಿರ ಬಂದರು.

"ತಂಗೀ, ನಮ್ಮೂರ ಕಡೆ ಗಾಳಿ ಜೋರಿತ್ತಂತ. ಇಂಜಿನ್ ಮುಂದ ಯಾರೂ ಇಲ್ಲ. ಮಗಳಿಗೆ ದಿನ ತುಂಬ್ಯಾವ, ಆಕಿ ಕೈಲಿ ಆಗೋದಿಲ್ಲ. ದೀಪದ ಮ್ಯಾಲ ಜರ್ರ ಕಣ್ಣಿಡು. ಹತ್ತಿದ ಕೂಡ್ಲೇ ದಢೇಸುಗೂರ ಪೋಸ್ಟಾಫೀಸಿಗೆ ಫೋನ್ ಮಾಡು, ನಾ ಅಲ್ಲಿಂದ್ಲೇ ಜೀಪ್ ತಿರುಗಿಸ್ಕೊಂಡು ಹೋಗ್ತೀನಿ. ಹಂಗಾ ಮಗಳನ್ನೂ ನೋಡಿದಂಗ ಆಕ್ಕೈತಿ."

"ಹೂಂ ಹೋಗ್ರಿ, ಫಿಕರ್ ಮಾಡಬ್ಯಾಡ್ರಿ," ಎಂದೆ.

ಎಂಟು ಗಂಟೆಗೆ ಆ ಹಳ್ಳಿಯ ದೀಪ ಹತ್ತಿ ಬಜರ್ ಕೂಗಿತು. ಗಾಳಿಯ ಮರುದಿನವಾದ್ದರಿಂದ ಊರಿಗೂರೇ ಕರೆ ಬುಕ್ ಮಾಡಲು ನಿಂತಿತ್ತು. ಬಜರಿನ ಗಲಾಟೆಯಲ್ಲಿ ಏನೂ ಕೇಳುತ್ತಿರಲಿಲ್ಲ. ಗುಂಡಿ ಒತ್ತಿದೆ. ಈ ನಾಲ್ಕು ಕರೆ ಮುಗಿಸಿ ದಢೇಸುಗೂರಿಗೆ ಹೇಳಿದರಾಯಿತು ಎಂದುಕೊಂಡೆ. ನಾಲ್ಕು ಎಂಟಾದವು. ಪುಸ್ತಕದಲ್ಲೂ ಬರೆಯಲಿಲ್ಲ. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಇಳಕಲ್ ಸೀರೆ ಮಾರುವ ಹೆಂಗಸು ಬಂದಳು. ಹಿಂದಿನ ವರಾಂಡದಲ್ಲಿ ಗಂಟು ಬಿಚ್ಚಿದಳು, ನಮ್ಮವರೆಲ್ಲ ಸುತ್ತ ಕೂತರು. ಬೋರ್ಡನ್ನು ಜೊತೆಯವಳಿಗೆ ಒಪ್ಪಿಸಿ ನಾನೂ ಹೋದೆ. ದಾಳಿಂಬೆ ಬಣ್ಣದ ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿದೆ. ಸೆರಗಿನ ತೆನೆಯ ನೇಯ್ಗೆ ಚೆನ್ನಾಗಿಲ್ಲ ಎಂದು ವಾಪಸ್ಸು ಕೊಟ್ಟೆ. ಅರ್ಧ ಗಂಟೆ ಕಳೆದು ಬಂದು ನೋಡಿದಾಗ ದೀಪ ಆರಿತ್ತು.

ಕರೆಂಟ್ ಬಂದಿರಬೇಕು ಎಂದುಕೊಂಡೆ. ಎಂದುಕೊಂಡೆ ಎನ್ನುವುದೂ ಪೂರ್ತಿ ನಿಜವಲ್ಲ, ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ಹತ್ತು ಗಂಟೆ ದಾಟಿತ್ತು, ರಿಂಗು ನಾಳೆ ಮಾಡಿದರಾಯಿತು ಎಂದು ಬಿಟ್ಟೆ.

ಹನ್ನೆರಡೂವರೆಗೆ ಅವರು ಮೈಯೆಲ್ಲ ಕೆಸರು ಮಾಡಿಕೊಂಡು ಬಂದರು. ಬಂದವರೇ ಪೆಟ್ಟಿಗೆ ನೋಡಿದರು. ಆರೂ ದೀಪ ಆರಿದ್ದವು.

"ಹತ್ತಿತ್ತೇನು ತಂಗಿ?"

"ಇಲ್ರಿ."

"ರಿಂಗ್ ಮಾಡಿದ್ಯಾ?"

ಅಲ್ಲಿ ಒಂದು ಕ್ಷಣ ಇತ್ತು. ಇಲ್ಲ, ಮರೆತೆ ಎಂದು ಹೇಳಬಹುದಾಗಿತ್ತು. ಅವರು ಬೈಯುವವರಲ್ಲ. ಏಳು ತಿಂಗಳ ಹೆಸರು ಹಾಳಾಗುತ್ತದಲ್ಲ ಎನ್ನಿಸಿತು, ಅಷ್ಟೇ.

"ಮಾಡ್ದೆ. ಆರಾಮ ಅಂದ್ರು."

"ಮಗಳ ಸುದ್ದಿ ಏನರ ಅಂದ್ರೇನು?"

"ಆಕಿನೂ ಆರಾಮ ಅದಾಳಂತ್ರಿ."

ಅವರ ಮುಖ ಬಿಚ್ಚಿಕೊಂಡಿತು. "ಹಂಗಾದ್ರ ಈಗ ಓಡೋದು ಬ್ಯಾಡ. ಒಂದರ ಬಸ್ಸಿಗೆ ಹೋಗಬೇಕಂತ ಮಾಡಿದ್ದೆ. ನಾಳೆ ಶನಿವಾರ, ಸಂಜಿಮುಂದ ಹೋದ್ರಾತು." ಕೈಕಾಲು ತೊಳೆದುಕೊಂಡು ಬಂದು ಬುತ್ತಿ ಬಿಚ್ಚಿದರು. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ನನಗೂ ಅರ್ಧ ಕೊಟ್ಟರು. ಹೆಣ್ಣಾದರೆ ತಾಯಿಯ ಹೆಸರು ಇಡಬೇಕು ಎಂದುಕೊಂಡಿದ್ದೇನೆ, ಅಳಿಯ ಒಪ್ಪುತ್ತಾನೋ ಇಲ್ಲವೋ ಎಂದೆಲ್ಲ ಮಾತಾಡಿದರು. ನಾನು ಆ ಉಳ್ಳಾಗಡ್ಡಿ ತಿಂದೆ.

ಎರಡೂವರೆಗೆ ಲಿಂಗಸುಗೂರಿನಿಂದ ಅವರ ಹೆಸರಿಗೆ ಕರೆ ಬಂತು. ಬೋರ್ಡಿನಲ್ಲಿ ನಾನೇ ಇದ್ದೆ. ಆ ಕಡೆ ಅಂಗಡಿಯವರ ದನಿ. ಆಸ್ಪತ್ರೆಯಿಂದ ಮಾತಾಡುತ್ತಿದ್ದರು. "ಅವರನ್ನ ಕರೀರಿ ಯವ್ವಾ, ಜಲ್ದಿ ಕರೀರಿ," ಎಂದರು. ಕರೆದೆ. ಕರೆ ಕೊಟ್ಟ ಮೇಲೆ ಮಾತನ್ನು ಕದ್ದು ಕೇಳಬಾರದು ಎಂಬುದು ನಮ್ಮ ನಿಯಮ. ನಾನು ಕೇಳಿದೆ.

ಒಂಬತ್ತೂವರೆಗೆ ಮಗಳಿಗೆ ರಕ್ತ ಹೋಗಲು ಶುರುವಾಗಿತ್ತಂತೆ. ಹತ್ತಕ್ಕೆ ಅಂಗಡಿಯವರು ಲಿಂಗಸುಗೂರಿನ ಡಾಕ್ಟರಿಗೆ ಜೀಪು ಕಳಿಸಿ ಎಂದು ಹೇಳಲು ಫೋನೆತ್ತಿದರೆ ಅದು ಸತ್ತಿತ್ತು. ಬೀಗದ ಕೈ ಅವರ ಕೈಯಲ್ಲೇ ಇತ್ತು, ಬಾಗಿಲನ್ನೂ ತೆಗೆದರು. ಆದರೆ ಇಂಜಿನ್ ಚಾಲೂ ಮಾಡಲು ಬರಲಿಲ್ಲ. ಇಬ್ಬರು ಹಿಡಿಕೆ ತಿರುವಿ ಸೋತರು. ಒಬ್ಬನ ಮಣಿಕಟ್ಟು ಉಳುಕಿತು. ಹುಡುಗಿ ಹಾಸಿಗೆಯಲ್ಲೇ, ಅದು ಹೀಗೆ ತಿರುವಬೇಕು, ಮೊದಲು ಆ ಸಣ್ಣ ಹಿಡಿ ಎತ್ತಬೇಕು ಎಂದು ಹೇಳಿ ಕಳಿಸಿದಳಂತೆ. ಕೊನೆಗೆ ಬಂಡಿಯಲ್ಲಿ ರಸ್ತೆಗೆ ತಂದು, ಒಂದು ಲಾರಿ ನಿಲ್ಲಿಸಿ, ಲಿಂಗಸುಗೂರು ಮುಟ್ಟುವಾಗ ಒಂದು ಗಂಟೆ. ಎರಡಕ್ಕೆ ತಾಯಿ ಹೋದಳು. ಕೂಸು ಮೊದಲೇ ಹೋಗಿತ್ತು.

ಅವರು ಫೋನಿನಲ್ಲಿ ಒಂದೇ ಮಾತು ಕೇಳಿದರು: "ಮುಂಜಾನೆ ಆರಾಮ ಅದಾಳಂತ ಹೇಳಿದ್ರಲ್ಲ?"

"ಯಾರು ಹೇಳಿದ್ರು? ಮುಂಜಾನಿ ರಿಂಗ್ ಎಲ್ಲಿ ಬಂದಿತ್ತು?" ಎಂದರು ಅಂಗಡಿಯವರು.

ಅವರು ರಿಸೀವರ್ ಇಟ್ಟರು. ನನ್ನ ಕಡೆ ನೋಡಲಿಲ್ಲ. ಚಪ್ಪಲಿ ಮೆಟ್ಟಿದರು, ಹೋದರು. ಬುತ್ತಿಯ ಡಬ್ಬಿಯನ್ನು ನಾನು ತೊಳೆದಿಟ್ಟೆ.

ಇಪ್ಪತ್ತು ದಿನದ ಮೇಲೆ ವಿಚಾರಣೆ. ಊರಿನವರು ದೂರು ಕೊಟ್ಟಿದ್ದರು. ದೊಡ್ಡ ಸಾಹೇಬರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು, ಆ ದಿನ ಬೆಳಿಗ್ಗೆ ದೀಪ ಹತ್ತಿತ್ತೇ? ಮನೆಯಲ್ಲಿ ಎರಡು ಮಕ್ಕಳು, ಗಂಡನಿಗೆ ನೌಕರಿ ಇರಲಿಲ್ಲ. ಇವೆಲ್ಲ ಕಾರಣಗಳು ನನ್ನ ಬಳಿ ಸಾಲಾಗಿ ನಿಂತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು.

"ಹತ್ತಿದ್ದಿಲ್ರಿ ಸಾಹೇಬ್ರ. ಪೆಟಿಗ್ಯಾಗಿನ ತಂತಿ ಸಡ್ಲಾಗಿತ್ತು. ತಿಂಗಳಾ ತಿಂಗಳಾ ಚೆಕ್ ಮಾಡೋದು ನನ್ನ ಕೆಲಸ, ನಾ ಮಾಡಿದ್ದಿಲ್ಲ."

ಇಪ್ಪತ್ತನಾಲ್ಕು ಸೆಲ್ಲನ್ನೂ ದಿನಾ ಅಳೆಯುವ ಮನುಷ್ಯ, ನಾನು ಮಾಡಲಿಲ್ಲ ಎಂದು ಸಹಿ ಹಾಕಿದರು. ಅವರ ಬಡ್ತಿ ನಿಂತಿತು. ಹೊರಗಿನ ವರಾಂಡದಲ್ಲಿ ನಾನು ಅವರ ಹಿಂದೆ ಓಡಿದೆ.

"ಅಣ್ಣಾರ..."

ಅವರು ತಿರುಗಿದರು. ಸಿಟ್ಟಿರಲಿ, ಮುಖದಲ್ಲಿ ಏನೂ ಇರಲಿಲ್ಲ. "ಮೇಡಂ, ಬೋರ್ಡ್ ಮುಂದ ಯಾರೂ ಇಲ್ಲ. ಹೋಗ್ರಿ," ಎಂದರು.

ಅಂದಿನಿಂದ ಅವರ ನಿವೃತ್ತಿಯವರೆಗೆ ಐದು ವರ್ಷ ನಾನು 'ಮೇಡಂ' ಆಗಿದ್ದೆ. ಗೌರವಕ್ಕೆ ಒಂದು ದಿನವೂ ಕುಂದು ಬರಲಿಲ್ಲ. 'ನಮಸ್ಕಾರ್ರೀ ಮೇಡಂ', 'ಇಲ್ಲಿ ಸಹಿ ಮಾಡ್ರಿ ಮೇಡಂ.' ನನಗೆ ಜ್ವರ ಬಂದರೂ, ನನ್ನ ಅಪ್ಪ ತೀರಿಕೊಂಡು ನಾನು ದನಿ ಬಿದ್ದು ಕೂತಿದ್ದರೂ ಹಿಂದಿನ ಕೋಣೆಯಿಂದ ಯಾರೂ ಎದ್ದು ಬರಲಿಲ್ಲ. ಅವರು ಆಮೇಲೆಯೂ ಎಲ್ಲ ಸೆಲ್‌ಗಳನ್ನೂ ಅಳೆದರು. ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಳ್ಳುವುದನ್ನು ಮಾತ್ರ ಬಿಟ್ಟರು. ಹತ್ತು ಗಂಟೆಯ ರಿಂಗನ್ನು ನಾನು ಮುಂದುವರಿಸಿದೆ. ಅದರ ಸುದ್ದಿಯನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಯಾರ ಮನೆಗೂ ಊಟಕ್ಕೆ ಹೋಗದೆ ಬಸ್ ಹತ್ತಿದರು.

ಪೋಸ್ಟ್ ಕಾರ್ಡು ಬರೆದವರು ಆ ಅಂಗಡಿಯವರೇ. ಕಾರ್ಡು ಬಂದ ಮರುದಿನ ನಾನು ಮಸ್ಕಿಗೆ ಹೋಗಿ, ಅಲ್ಲಿಂದ ಲಿಂಗಸುಗೂರಿನ ಬಸ್ಸು ಹಿಡಿದು, ಮೂರು ಮೈಲಿ ನಡೆದು ಅವರ ಮನೆ ಮುಟ್ಟಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಅವರ ಹೆಂಡತಿ ಹೊರಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ಯಾರು ಎಂದು ಹೇಳಿದೆ, ಜೊತೆಗೆ ಕೆಲಸ ಮಾಡುತ್ತಿದ್ದವಳು ಎಂದೆ. ಮೊರ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದುಕೊಂಡರು.

"ಇಷ್ಟು ದೂರ ಬಿಸಲಾಗ ಬಂದ್ಯಾ ಯವ್ವಾ? ಆಫೀಸಿನವರು ಒಬ್ಬರೂ ಬರಲಿಲ್ಲ ನೋಡು. ನೀ ಒಬ್ಬಾಕೀನಾ ಬಂದಿ."

ನೀರು ಕೊಟ್ಟರು. ಆಮೇಲೆ ಅವರೇ ಮಾತು ತೆಗೆದರು, ನಿಧಾನಕ್ಕೆ, ಕಾಳಿನಲ್ಲಿ ಕೈಯಾಡಿಸುತ್ತ.

"ಮಗಳು ಹೋದ ಮ್ಯಾಲ ಆರು ವರ್ಷ ನಾ ಅವರ ಕೂಡ ಮಾತಾಡಿಲ್ಲವ್ವ. ರೊಟ್ಟಿ ಹಾಕೀನಿ, ನೀರು ಕೊಟ್ಟೀನಿ, ಮಾತು ಕೊಟ್ಟಿಲ್ಲ. ಗಾಳಿ ಬಂದ ಮರುದಿನ ಮೊದಲ್ನೇ ಬಸ್ಸಿಗೇ ಬರೋ ಮನಿಷ್ಯಾರು, ಆವತ್ತೊಂದಿನ ಬರಲಿಲ್ಲ. ಮಗಳು ಅಪ್ಪ ಬಂದನಾ, ಅಪ್ಪ ಬಂದನಾ ಅಂತಿತ್ತು. ಇವರು ಅಲ್ಲಿ ಕುಂತು ಬುತ್ತಿ ಉಂಡ್ರಂತ. ಕೇಳಿದ್ದು ಇದೊಂದಾ, ಯಾಕ ಬರಲಿಲ್ಲ ಅಂತ, ಕೇಳಿ ಕೇಳಿ ನನ್ನ ಬಾಯಿ ಸೋತು ಹೋತು. ಸಾಯೋ ದಿನಾನೂ ಕೇಳಿದೆ. ತಪ್ಪಾತು ಅಂದ್ರು, ಅಷ್ಟಾ. ಮತ್ತೇನೂ ಹೇಳಲಿಲ್ಲ." ಕಣ್ಣೆತ್ತಿ ನನ್ನನ್ನೇ ನೋಡಿದರು. "ನೀ ಅಲ್ಲೇ ಇದ್ದಿ ಅಲ್ಲೇನವ್ವ? ನಿನಗೇನರ ಗೊತ್ತೈತೇನು?"

ಆ ದಿನದ ರಿಂಗಿನ ಸುಳ್ಳನ್ನು ಅಂಗಡಿಯವರು ಹೇಳಿರಬೇಕು ಎಂದುಕೊಂಡು ಬಂದಿದ್ದೆ. ತೀರಿಹೋದವರು ಅಂಗಡಿಯವರ ಬಾಯಿಯನ್ನೂ ಕಟ್ಟಿಸಿದ್ದರು ಎಂದು ಆಗ ಗೊತ್ತಾಯಿತು.

"ಇಲ್ಲಕ್ಕಾ, ನನಗೇನೂ ಗೊತ್ತಿಲ್ಲ," ಎಂದೆ.

ಆಕೆ ತಲೆಯಾಡಿಸಿದರು. ಎದ್ದು ಒಳಗೆ ಹೋಗಿ ನನಗೊಂದು ತಾಟು ಹಾಕಿದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಎಣ್ಣೆ. ಇನ್ನೊಂದು ಹಾಕಿಸಿಕೋ ಯವ್ವಾ, ದೂರದ ದಾರಿ ಎಂದರು. ಹಾಕಿಸಿಕೊಂಡು, ಹೊಟ್ಟೆ ತುಂಬ ಉಂಡು, ಕೈ ತೊಳೆದುಕೊಂಡು ಬಂದೆ.